ವಸಡು ಕ್ಲೀನ್ ಮಾಡಿಸಿದ್ರೆ ಶುಗರ್ ಇಳಿಯುತ್ತಾ? ಒಂದು ಟ್ರಯಲ್ ಹೌದು ಅನ್ನುತ್ತೆ, ಇನ್ನೊಂದು ಇಲ್ಲ ಅನ್ನುತ್ತೆ

ವಾಟ್ಸಾಪ್ ಗ್ರೂಪುಗಳಲ್ಲಿ ಆಗಾಗ ತಿರುಗಾಡೋ ಸುದ್ದಿ ಇದು. ವಸಡಿನ ರೋಗಕ್ಕೆ ಟ್ರೀಟ್‌ಮೆಂಟ್ ತಗೊಂಡ್ರೆ ಶುಗರ್ ಕಂಟ್ರೋಲಿಗೆ ಬರುತ್ತೆ, ಹಾರ್ಟಿಗೂ ಒಳ್ಳೇದು, ವಯಸ್ಸಾದ ಮೇಲೆ ಮರೆವೂ ಬರಲ್ಲ ಅಂತ. ಅದನ್ನ ಓದಿ ಡೆಂಟಿಸ್ಟ್ ಹತ್ರ ಹೋಗೋಣ ಅಂದ್ಕೊಳ್ಳೋಷ್ಟರಲ್ಲಿ ಇನ್ನೊಂದು ಬರುತ್ತೆ, ಅಮೆರಿಕದ ದೊಡ್ಡ ಸ್ಟಡಿಯಲ್ಲಿ ಏನೂ ಪ್ರಯೋಜನ ಕಂಡಿಲ್ಲ ಅಂತ. ಎರಡೂ ಸುಳ್ಳು ಸುದ್ದಿಗಳಲ್ಲ, ಎರಡರ ಹಿಂದೇನೂ ನಿಜವಾದ ಟ್ರಯಲ್ ಇದೆ, ಎರಡೂ ಹೆಸರಾಂತ ಜರ್ನಲ್‌ಗಳಲ್ಲೇ ಬಂದಿವೆ. ಹಾಗಾದ್ರೆ ಒಂದೇ ರೋಗ, ಹೆಚ್ಚುಕಮ್ಮಿ ಒಂದೇ ಟ್ರೀಟ್‌ಮೆಂಟ್, ಉತ್ತರ ಮಾತ್ರ ಉಲ್ಟಾ, ಹೇಗೆ?

ಭಾರತದಲ್ಲಿ ಸುಮಾರು 10 ಕೋಟಿ ಜನಕ್ಕೆ ಶುಗರ್ ಇದೆ ಅಂತ ಐಸಿಎಂಆರ್‌ನ ಸರ್ವೆ 2023ರಲ್ಲಿ ಹೇಳಿತ್ತು. ಹಾಗಾಗಿ ಈ ಗೊಂದಲ ಬಿಡಿಸ್ಕೊಳ್ಳೋದು ಬರೀ ಹಲ್ಲಿನ ಡಾಕ್ಟರುಗಳ ತಲೆನೋವಲ್ಲ.

ವಸಡಿನ ಒಳಗೆ ಏನಾಗ್ತಿರುತ್ತೆ

ಹಲ್ಲಿನ ಬುಡದಲ್ಲಿ ಬಿಳಿ ಪದರದ ಥರ ಕೂರೋದು ಪ್ಲಾಕ್, ಅಂದ್ರೆ ಬ್ಯಾಕ್ಟೀರಿಯಾಗಳ ಪಾಚಿ. ಅದನ್ನ ತೆಗೀದೆ ಬಿಟ್ರೆ ಎಂಜಲಲ್ಲಿರೋ ಕ್ಯಾಲ್ಸಿಯಂ ಸೇರಿ ಗಾರೆ ಥರ ಗಟ್ಟಿ ಆಗುತ್ತೆ, ಆಮೇಲೆ ಬ್ರಷ್ಷಿಗೆ ಬಗ್ಗಲ್ಲ. ದೇಹ ಅದರ ಮೇಲೆ ಯುದ್ಧ ಶುರು ಮಾಡುತ್ತೆ, ವಸಡು ಊದುತ್ತೆ, ಕೆಂಪಾಗುತ್ತೆ, ಬ್ರಷ್ ಮಾಡುವಾಗ ರಕ್ತ ಬರುತ್ತೆ. ಇಷ್ಟರಲ್ಲೇ ಎಚ್ಚೆತ್ಕೊಂಡ್ರೆ ಪೂರ್ತಿ ವಾಸಿ ಆಗುತ್ತೆ. ಡೆನ್ಮಾರ್ಕ್‌ನಲ್ಲಿ ಹರಾಲ್ಡ್ ಲೋ ಅನ್ನೋ ದಂತ ವಿಜ್ಞಾನಿ 1965ರಲ್ಲಿ ಇದನ್ನ ತೋರಿಸಿದ್ರು, ವಸಡು ಚೆನ್ನಾಗಿರೋ 12 ಜನರನ್ನ ಹಿಡಿದು ಹಲ್ಲುಜ್ಜೋದನ್ನ ನಿಲ್ಲಿಸಿ ಅಂದ್ರು, ಮೂರು ವಾರದ ಒಳಗೆ ಎಲ್ಲರಿಗೂ ವಸಡು ಊದ್ಕೊಳ್ತು, ಮತ್ತೆ ಉಜ್ಜೋಕೆ ಶುರು ಮಾಡಿದ ಮೇಲೆ ಇಳೀತು.

ತೊಂದರೆ ಇರೋದು ಮುಂದಿನ ಹಂತದಲ್ಲಿ. ಊತ ಹಾಗೇ ಉಳಿದ್ರೆ ವಸಡು ಹಲ್ಲಿಂದ ಬಿಟ್ಕೊಳ್ಳುತ್ತೆ, ನಡುವೆ ಜೇಬಿನ ಥರ ಸಂದು ಆಗುತ್ತೆ, ಡಾಕ್ಟರುಗಳು ಅದನ್ನ ಪಾಕೆಟ್ ಅಂತಾರೆ. ಪಾಕೆಟ್ ಒಳಗೆ ಬ್ರಷ್ ಹೋಗಲ್ಲ, ಗಾರೆ ಬೇರಿನ ತನಕ ಇಳಿಯುತ್ತೆ, ಹಲ್ಲು ಹಿಡ್ಕೊಂಡಿರೋ ಮೂಳೆ ಕರಗುತ್ತೆ. ಇದೇ ಪೆರಿಯೊಡಾಂಟೈಟಿಸ್, ಹಳೇ ಕಾಲದವರ ಬಾಯಲ್ಲಿ ಪಯೋರಿಯಾ. ಕರಗಿದ ಮೂಳೆ ತಾನಾಗೇ ವಾಪಸ್ ಬೆಳೆಯಲ್ಲ.

ಆದ್ರೆ ಪಾಚಿ ಕಟ್ಟಿದ ಎಲ್ಲರಿಗೂ ಹೀಗೇ ಆಗುತ್ತಾ ಅಂದ್ರೆ ಇಲ್ಲ, ಮುಂದೆ ಬರೋ ಗೊಂದಲದ ಅರ್ಧ ಕೀಲಿ ಇಲ್ಲೇ ಇದೆ. ಅದೇ ಲೋ ಅವರ ತಂಡ ಶ್ರೀಲಂಕಾದ ಟೀ ತೋಟಗಳಲ್ಲಿ ಕೆಲಸ ಮಾಡ್ತಿದ್ದ 480 ತಮಿಳು ಕಾರ್ಮಿಕರನ್ನ 1970ರಿಂದ 1985ರ ತನಕ ನೋಡ್ತಾ ಬಂತು. ಅವರಿಗೆ ಬ್ರಷ್ ಮಾಡೋ ಅಭ್ಯಾಸ ಇರ್ಲಿಲ್ಲ, ಡೆಂಟಿಸ್ಟ್ ಮುಖ ಕಂಡವರಲ್ಲ, ಎಲ್ಲರ ಬಾಯಲ್ಲೂ ಧಾರಾಳ ಪಾಚಿ, ಎಲ್ಲರ ವಸಡೂ ಊದಿತ್ತು. ಆದ್ರೂ 8% ಜನರಲ್ಲಿ ರೋಗ ಜೋರಾಗಿ ಓಡ್ತು, 81% ಜನರಲ್ಲಿ ನಿಧಾನಕ್ಕೆ ಹೋಯ್ತು, 11% ಜನರಲ್ಲಿ ಊತ ಬಿಟ್ಟು ಮುಂದಕ್ಕೆ ಹೋಗ್ಲೇ ಇಲ್ಲ. 35ನೇ ವಯಸ್ಸಿಗೆ ಬರೋ ಹೊತ್ತಿಗೆ ಮೊದಲನೇ ಗುಂಪಿನವರು ಹಲ್ಲಿನ ಹಿಡಿತವನ್ನ ಸರಾಸರಿ 9 ಮಿಲಿಮೀಟರ್ ಕಳ್ಕೊಂಡಿದ್ರು, ಕೊನೇ ಗುಂಪಿನವರು 1 ಮಿಲಿಮೀಟರ್ ಕೂಡ ಇಲ್ಲ. (ಟ್ರೀಟ್‌ಮೆಂಟ್ ಕೊಡದೆ 15 ವರ್ಷ ಸುಮ್ನೆ ನೋಡ್ತಾ ಕೂತಿದ್ದು ಸರಿಯಾ ಅನ್ನೋ ಪ್ರಶ್ನೆ ಬೇರೆ, ಇವತ್ತಾಗಿದ್ರೆ ಯಾವ ಎಥಿಕ್ಸ್ ಕಮಿಟಿನೂ ಒಪ್ತಿರ್ಲಿಲ್ಲ.)

ಅಂದ್ರೆ ಏನೂ ಮಾಡ್ದಿದ್ರೂ ಒಬ್ಬೊಬ್ಬರಲ್ಲಿ ಒಂದೊಂದು ಥರ ಆಗೋ ರೋಗ ಇದು. ಹೀಗಿರುವಾಗ ನನ್ನ ಔಷಧಿಯಿಂದ್ಲೇ ವಾಸಿ ಆಯ್ತು ಅಂತ ಯಾರಾದ್ರೂ ಹೇಳಿದ್ರೆ, ಔಷಧಿ ತಗೊಳ್ಳದೇ ಇರೋರ ಜೊತೆ ಹೋಲಿಸಿ ನೋಡದೆ ನಂಬೋಕಾಗಲ್ಲ.

ಅಳತೆ ಕಡ್ಡಿಯ ಕಥೆ

ಈ ಟ್ರಯಲ್‌ಗಳಲ್ಲಿ ವಾಸಿ ಆಯ್ತು ಅಂತ ಹೇಳೋದು ಹೇಗೆ? ಒಂದು ತೆಳ್ಳಗಿನ ಸ್ಟೀಲ್ ಕಡ್ಡಿ ಇರುತ್ತೆ, ಪ್ರೋಬ್ ಅಂತಾರೆ, ಅದರ ಮೇಲೆ ಮಿಲಿಮೀಟರ್ ಗುರುತು. ಹಲ್ಲಿಗೂ ವಸಡಿಗೂ ಮಧ್ಯೆ ಮೆಲ್ಲಗೆ ಇಳಿಸ್ತಾರೆ, ಒಂದೊಂದು ಹಲ್ಲಿಗೆ ಆರು ಕಡೆ, ಬಾಯಲ್ಲಿ 28 ಹಲ್ಲಿದ್ರೆ 168 ಅಳತೆ. ಡಾಕ್ಟರ್ ಅಂಕಿ ಹೇಳ್ತಾ ಹೋಗ್ತಾರೆ, ಮೂರು, ಎರಡು, ಮೂರು, ಆರು, ಐದು, ನಾಲ್ಕು, ಪಕ್ಕದಲ್ಲಿ ಇನ್ನೊಬ್ಬರು ಬರ್ಕೊಳ್ತಾರೆ. 3 ಮಿ.ಮೀ. ತನಕ ಪರವಾಗಿಲ್ಲ, 4 ಮುಟ್ಟಿದ್ರೆ ಪಾಕೆಟ್.

ಈ ಕಡ್ಡಿ ಅಷ್ಟೇನೂ ನಂಬಿಕಸ್ತ ಅಲ್ಲ. ಕೈ ಸ್ವಲ್ಪ ಜೋರಾಗಿ ಒತ್ತಿದ್ರೆ 4 ಇದ್ದದ್ದು 5 ಆಗುತ್ತೆ, ಊದಿರೋ ವಸಡು ಮೆತ್ತಗಿರೋದ್ರಿಂದ ಕಡ್ಡಿ ಒಳಗೆ ನುಗ್ಗುತ್ತೆ, ಊತ ಇಳಿದ ಮೇಲೆ ವಸಡು ಬಿಗಿಯಾಗಿ ಕಡ್ಡಿ ಮೇಲೇನೇ ನಿಂತುಬಿಡುತ್ತೆ. ಆಗ ಪಾಕೆಟ್ ಕಮ್ಮಿ ಆಯ್ತು ಅಂತ ರೆಕಾರ್ಡ್ ಆಗುತ್ತೆ, ಮೂಳೆ ಮಾತ್ರ ಎಲ್ಲಿತ್ತೋ ಅಲ್ಲೇ. ಒಂದು ಮಿಲಿಮೀಟರಿಗಿಂತ ಸಣ್ಣದನ್ನ ಓದೋಕಾಗದ ಕಡ್ಡಿ ಇಟ್ಕೊಂಡು, ನೂರಾರು ಜನರ ಸರಾಸರಿ ತೆಗೆದು, 0.3 ಮಿ.ಮೀ. ಸುಧಾರಣೆ ಅಂತ ಪೇಪರಲ್ಲಿ ಬರೀತಾರೆ. ಲೆಕ್ಕದಲ್ಲಿ ಅದು ನಿಜಾನೇ ಇರ್ಬಹುದು, ಆದ್ರೆ ಅಷ್ಟರಿಂದ ಒಬ್ಬರ ಹಲ್ಲು ಹತ್ತು ವರ್ಷ ಜಾಸ್ತಿ ಬಾಳುತ್ತೆ ಅಂತ ಹೇಳೋಕಾಗಲ್ಲ. ಹಲ್ಲು ಉದುರೋ ತನಕ ಕಾಯೋ ಟ್ರಯಲ್ ಮಾಡೋಕೆ ಹತ್ತಿಪ್ಪತ್ತು ವರ್ಷ ಬೇಕು, ಅಷ್ಟು ದಿನ ದುಡ್ಡು ಹಾಕೋರು ಸಿಗಲ್ಲ, ಅದಕ್ಕೇ ಎಲ್ರೂ ಈ ಕಡ್ಡಿಗೇ ಜೋತುಬಿದ್ದಿರೋದು.

ಶುಗರ್ ವಿಷಯದಲ್ಲಿ ಒಂದು ಅನುಕೂಲ ಇದೆ. ಅಲ್ಲಿ ಅಳೆಯೋದು ಎಚ್‌ಬಿಎ1ಸಿ, ಅಂದ್ರೆ ಎಲ್ರೂ ಮೂರು ತಿಂಗಳ ಶುಗರ್ ಅಂತ ಕರೆಯೋ ಟೆಸ್ಟ್. ಕೆಂಪು ರಕ್ತಕಣಕ್ಕೆ ಸುಮಾರು 120 ದಿನ ಆಯಸ್ಸು, ಅಷ್ಟು ದಿನ ಅದಕ್ಕೆ ಅಂಟ್ಕೊಂಡಿರೋ ಸಕ್ಕರೆ ಎಷ್ಟು ಅಂತ ಲ್ಯಾಬ್ ಹೇಳುತ್ತೆ. ಕೈ ಜೋರಾಗಿ ಒತ್ತಿದ್ರೆ ಬದಲಾಗೋ ಅಳತೆ ಅಲ್ಲ ಅದು.

ವಸಡಿಗೂ ಶುಗರಿಗೂ ಏನು ಸಂಬಂಧ

ಶುಗರ್ ಇರೋರಿಗೆ ವಸಡಿನ ರೋಗ ಜಾಸ್ತಿ, ಬೇಗ ಬಿಗಡಾಯಿಸುತ್ತೆ, ಇದರಲ್ಲಿ ಯಾರಿಗೂ ತಕರಾರಿಲ್ಲ. 1993ರಲ್ಲೇ ಲೋ ಇದನ್ನ ಡಯಾಬಿಟಿಸ್‌ನ ಆರನೇ ಕಾಂಪ್ಲಿಕೇಶನ್ ಅಂತ ಕರೆದಿದ್ರು, ಕಣ್ಣು, ಕಿಡ್ನಿ, ನರ ಇವುಗಳ ಸಾಲಲ್ಲಿ ವಸಡೂ ಒಂದು ಅಂತ.

ತಕರಾರಿರೋದು ಉಲ್ಟಾ ದಾರಿಯಲ್ಲಿ. ಬಾಯಿ ತುಂಬಾ ರೋಗ ಇರೋರಲ್ಲಿ ಪಾಕೆಟ್‌ಗಳ ಒಳಗೋಡೆ ಎಲ್ಲಾ ಬಿಡಿಸಿ ಹಾಸಿದ್ರೆ 8ರಿಂದ 20 ಚದರ ಸೆಂಟಿಮೀಟರ್ ಆಗುತ್ತೆ ಅಂತ 2001ರ ಒಂದು ಲೆಕ್ಕ ಹೇಳುತ್ತೆ. ಅಷ್ಟು ಅಗಲದ ಗಾಯ ಕೈ ಮೇಲೋ ಕಾಲ ಮೇಲೋ ಇದ್ದಿದ್ರೆ ಅವತ್ತೇ ಆಸ್ಪತ್ರೆಗೆ ಓಡ್ತಿದ್ವಿ, ಬಾಯೊಳಗೆ ಕಾಣಲ್ಲ ಅಂತ ವರ್ಷಗಟ್ಟಲೆ ಬಿಟ್ಟಿರ್ತೀವಿ. ಆ ಗಾಯದಿಂದ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರ್ತಾ ಇರುತ್ತೆ, ದೇಹ ಊತ ಹೆಚ್ಚಿಸೋ ರಾಸಾಯನಿಕಗಳನ್ನ ಬಿಡ್ತಾ ಇರುತ್ತೆ, ಅವು ಇನ್ಸುಲಿನ್ ಕೆಲಸಕ್ಕೆ ಅಡ್ಡಗಾಲು ಹಾಕುತ್ತವೆ. ಹಾಗಾದ್ರೆ ವಸಡು ವಾಸಿ ಮಾಡಿದ್ರೆ ಅಡ್ಡಗಾಲು ತೆಗೆದ ಹಾಗೆ, ಶುಗರ್ ಇಳೀಬೇಕು. ಕೇಳೋಕೆ ಸರಿಯಾಗೇ ಇದೆ, ಆದ್ರೆ ಕೇಳೋಕೆ ಸರಿ ಇರೋ ಎಷ್ಟೋ ಐಡಿಯಾಗಳು ಟ್ರಯಲ್‌ನಲ್ಲಿ ಮಕಾಡೆ ಮಲಗಿವೆ.

2013: ಇಲ್ಲ ಅಂದ ಟ್ರಯಲ್

ಅಮೆರಿಕದ ಐದು ಕೇಂದ್ರಗಳಲ್ಲಿ ನಡೆದ ಟ್ರಯಲ್ ಇದು, ಜಾಮಾ ಜರ್ನಲ್‌ನಲ್ಲಿ ಬಂತು. ಟೈಪ್ 2 ಶುಗರ್ ಜೊತೆ ವಸಡಿನ ರೋಗನೂ ಇದ್ದ 514 ಜನ. ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದ್ರು. ಒಂದು ಗುಂಪಿಗೆ ವಸಡಿನ ಒಳಗಿಂದ ಗಾರೆ ಕೆರೆದು ತೆಗೆಯೋ ಸ್ಕೇಲಿಂಗ್ ಮತ್ತು ರೂಟ್ ಪ್ಲೇನಿಂಗ್, ಜೊತೆಗೆ ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್. ಇನ್ನೊಂದು ಗುಂಪಿಗೆ ಆರು ತಿಂಗಳು ಏನೂ ಇಲ್ಲ, ಆಮೇಲೆ ಅವರಿಗೂ ಟ್ರೀಟ್‌ಮೆಂಟ್ ಕೊಡೋದು ಅಂತ ಒಪ್ಪಂದ.

ಆರು ತಿಂಗಳಿಗೆ ಟ್ರೀಟ್‌ಮೆಂಟ್ ತಗೊಂಡವರ ಎಚ್‌ಬಿಎ1ಸಿ 0.17% ಮೇಲಕ್ಕೇ ಹೋಗಿತ್ತು, ತಗೊಳ್ಳದವರದ್ದು 0.11%. ಅಂದ್ರೆ ಇಳಿಯೋದಿರ್ಲಿ, ಎರಡೂ ಗುಂಪು ಒಂದೇ ಕಡೆ. ಇನ್ನು ಮುಂದುವರಿಸಿ ಉಪಯೋಗ ಇಲ್ಲ ಅಂತ ಟ್ರಯಲ್ ಅರ್ಧಕ್ಕೇ ನಿಲ್ಲಿಸಿದ್ರು. ಪತ್ರಿಕೆಗಳಿಗೆ ಅಷ್ಟು ಸಾಕಾಗಿತ್ತು.

ಆದ್ರೆ ಮುಂದಿನ ವರ್ಷ ಸುಮಾರು ಇಪ್ಪತ್ತು ಜನ ಸಂಶೋಧಕರು ಸೇರಿ ಒಂದು ಜಂಟಿ ಟಿಪ್ಪಣಿ ಬರೆದ್ರು, ಅವರ ಪಾಯಿಂಟು ಸಿಂಪಲ್, ನೀವು ಶುಗರ್ ಇಳಿದಿಲ್ಲ ಅಂತೀರಲ್ಲ, ಮೊದಲು ವಸಡು ವಾಸಿ ಆಗಿತ್ತಾ ನೋಡಿ ಅಂತ. ಟ್ರೀಟ್‌ಮೆಂಟ್ ಆದ ಮೇಲೂ ಆ ಗುಂಪಿನಲ್ಲಿ ಹಲ್ಲಿನ 70%ಗಿಂತ ಜಾಸ್ತಿ ಜಾಗಗಳಲ್ಲಿ ಪ್ಲಾಕ್ ಇತ್ತು, 40%ಗಿಂತ ಜಾಸ್ತಿ ಜಾಗಗಳಲ್ಲಿ ಮುಟ್ಟಿದ್ರೆ ರಕ್ತ ಬರ್ತಿತ್ತು. ಎರಡು ಗುಂಪಿಗೂ ಪಾಕೆಟ್ ಆಳದಲ್ಲಿ ವ್ಯತ್ಯಾಸ 0.28 ಮಿ.ಮೀ. ಅಷ್ಟೇ. ಒಲೆ ಮೇಲಿಟ್ಟ ಅಕ್ಕಿ ಬೇಯೋ ಮುಂಚೆನೇ ಇಳಿಸಿ, ಈ ಅಕ್ಕಿ ಬೇಯಲ್ಲ ಅಂದ ಹಾಗೆ ಆಯ್ತು ಅನ್ನೋದು ಅವರ ವಾದದ ಸಾರ. ಇನ್ನೊಂದು ತಕರಾರು, ಸೇರಿಸ್ಕೊಂಡವರ ಶುಗರ್ ಮೊದಲೇ ತಕ್ಕಮಟ್ಟಿಗೆ ಕಂಟ್ರೋಲಲ್ಲಿತ್ತು, ಇಳಿಯೋಕೆ ಜಾಗನೇ ಕಮ್ಮಿ ಇತ್ತು ಅಂತ.

ಟ್ರಯಲ್ ಮಾಡಿದವರ ಕಡೆಯಿಂದ ನೋಡಿದ್ರೆ ಅವರದ್ದೂ ತಪ್ಪಿಲ್ಲ. ಮಾಮೂಲಿ ಕ್ಲಿನಿಕ್‌ನಲ್ಲಿ ಮಾಮೂಲಿ ಜನಕ್ಕೆ ಕೊಡೋ ಮಾಮೂಲಿ ಕ್ಲೀನಿಂಗಿಂದ ಏನಾಗುತ್ತೆ ಅನ್ನೋದೇ ಅವರ ಪ್ರಶ್ನೆ, ಅದಕ್ಕೆ ಸಿಕ್ಕಿದ ಉತ್ತರ ಪ್ರಾಮಾಣಿಕವಾದದ್ದೇ.

2018: ಹೌದು ಅಂದ ಟ್ರಯಲ್

ಐದು ವರ್ಷ ಆದ ಮೇಲೆ ಲಂಡನ್‌ನಿಂದ ಇನ್ನೊಂದು ಬಂತು, ಫ್ರಾನ್ಸೆಸ್ಕೊ ಡಯೂಟೊ ಅವರ ತಂಡದ್ದು, ಲ್ಯಾನ್ಸೆಟ್ ಗುಂಪಿನ ಡಯಾಬಿಟಿಸ್ ಜರ್ನಲ್‌ನಲ್ಲಿ. ಜನ ಕಮ್ಮಿ, 264, ಆದ್ರೆ ಒಂದು ವರ್ಷ ಪೂರ್ತಿ. ಇವರು ಮಾಡಿದ ಟ್ರೀಟ್‌ಮೆಂಟ್ ಬೇರೆ ಲೆವೆಲ್ದು. ಮೊದಲು ಇಡೀ ಬಾಯಿಯ ವಸಡಿನೊಳಗಿನ ಕ್ಲೀನಿಂಗ್, ಆಮೇಲೂ ಪಾಕೆಟ್ ಉಳಿದಿದ್ರೆ, ಆ ಮನುಷ್ಯ ಹಲ್ಲು ಚೆನ್ನಾಗಿ ಉಜ್ಜೋಕೆ ಕಲ್ತಿದ್ರೆ, ವಸಡಿನ ಸರ್ಜರಿ, ಅದಾದ ಮೇಲೆ ಮೂರು ಮೂರು ತಿಂಗಳಿಗೆ ಕರೆಸಿ ಮತ್ತೆ ಕ್ಲೀನಿಂಗ್. ಹೋಲಿಸಿ ನೋಡೋಕೆ ಇಟ್ಕೊಂಡಿದ್ದ ಇನ್ನೊಂದು ಗುಂಪು, ಅಂದ್ರೆ ಕಂಟ್ರೋಲ್ ಗುಂಪಿನವರನ್ನೂ ಅಷ್ಟೇ ಸಲ ಕರೆಸಿದ್ರು, ಆದ್ರೆ ಅವರಿಗೆ ಮೇಲ್ಮೇಲೆ ಸ್ಕೇಲಿಂಗ್, ಪಾಲಿಶ್ ಅಷ್ಟೇ, ವಸಡಿನ ಒಳಗೆ ಕೈ ಹಾಕಿಲ್ಲ.

ಈ ಕೊನೇ ವಿಷಯ ಸಣ್ಣದಾಗಿ ಕಾಣುತ್ತೆ, ಸಣ್ಣದಲ್ಲ. ಟ್ರಯಲ್‌ಗೆ ಸೇರಿದ್ದೀನಿ, ಡಾಕ್ಟರ್ ನನ್ನ ಬಾಯಿ ನೋಡ್ತಾರೆ ಅಂತ ಗೊತ್ತಾದ್ರೆ ಯಾರಾದ್ರೂ ಸ್ವಲ್ಪ ಜಾಸ್ತಿನೇ ಹಲ್ಲುಜ್ಜುತ್ತಾರೆ, ಮಾತ್ರೆನೂ ಮರೀದೆ ತಗೊಳ್ತಾರೆ. ಎರಡೂ ಗುಂಪನ್ನ ಒಂದೇ ಸಮ ಕರೆಸಿದ್ರೆ ಆ ಎಫೆಕ್ಟ್ ಎರಡೂ ಕಡೆ ಒಂದೇ ಇರುತ್ತೆ, ಉಳಿಯೋ ವ್ಯತ್ಯಾಸ ಟ್ರೀಟ್‌ಮೆಂಟಿಂದು.

ಎರಡೂ ಗುಂಪು ಶುರುವಲ್ಲಿ 8.1% ಎಚ್‌ಬಿಎ1ಸಿಯಲ್ಲಿದ್ವು. ವರ್ಷದ ಕೊನೆಗೆ ಕಂಟ್ರೋಲ್ ಗುಂಪು 8.3, ಟ್ರೀಟ್‌ಮೆಂಟ್ ಗುಂಪು 7.8. ವಯಸ್ಸು, ಸಿಗರೇಟು ಇಂಥದ್ದೆಲ್ಲ ಲೆಕ್ಕಕ್ಕೆ ತಗೊಂಡ ಮೇಲೆ ವ್ಯತ್ಯಾಸ 0.6%. ಶುಗರ್‌ಗೆ ಒಂದು ಮಾತ್ರೆ ತಗೊಳ್ತಿರೋರಿಗೆ ಎರಡನೇ ಮಾತ್ರೆ ಸೇರಿಸಿದ್ರೆ ಹೆಚ್ಚುಕಮ್ಮಿ ಇಷ್ಟೇ ಇಳಿಯೋದು, ಅದಕ್ಕೇ ಈ ಸಂಖ್ಯೆ ಡಯಾಬಿಟಿಸ್ ಡಾಕ್ಟರುಗಳ ಕಿವಿಗೂ ಬಿತ್ತು.

ಎಲ್ಲಾ ಸೇರಿಸಿ ತೂಗಿದವರು ಏನಂದ್ರು

ಕಾಕ್ರೇನ್ ಅನ್ನೋ ಸಂಸ್ಥೆಯ ಕೆಲಸನೇ ಒಂದು ವಿಷಯದ ಮೇಲಿನ ಟ್ರಯಲ್‌ಗಳನ್ನೆಲ್ಲ ಗುಡ್ಡೆ ಹಾಕಿ ಜರಡಿ ಹಿಡಿಯೋದು. 2015ರ ವರದಿಯಲ್ಲಿ ಅವರು, ಮೂರ್ನಾಲ್ಕು ತಿಂಗಳಿಗೆ 0.29% ಇಳಿಯುತ್ತೆ, ಆರು ತಿಂಗಳ ತನಕ ಅದು ಹಾಗೇ ಉಳಿಯುತ್ತೆ ಅನ್ನೋಕೆ ಆಧಾರ ಸಾಲದು, ಸಾಕ್ಷಿ ಬಡಕಲು ಅಂದಿದ್ರು. 2022ರಲ್ಲಿ ಮತ್ತೆ ಕೂತು 35 ಟ್ರಯಲ್‌ಗಳ 3,249 ಜನರ ಲೆಕ್ಕ ನೋಡಿದ್ರು. ಈ ಸಲ ಮೂರ್ನಾಲ್ಕು ತಿಂಗಳಿಗೆ 0.43%, ಆರು ತಿಂಗಳಿಗೆ 0.30%, ಒಂದು ವರ್ಷಕ್ಕೆ 0.50%. ಸಾಕ್ಷಿಯ ಗಟ್ಟಿತನ ಮಧ್ಯಮ ಅಂತ ಗ್ರೇಡ್ ಏರಿಸಿದ್ರು. ಒಂದು ವರ್ಷದ ಸಂಖ್ಯೆ ಮಾತ್ರ ಒಂದೇ ಟ್ರಯಲ್‌ನಿಂದ ಬಂದದ್ದು.

ಒಂದೇ ಸಂಸ್ಥೆ ಏಳು ವರ್ಷದಲ್ಲಿ ಮಾತು ಬದಲಾಯಿಸಿದೆ ಅಂತ ಬೈಯೋಕೆ ಹೋಗ್ಬೇಡಿ, ತಕ್ಕಡಿಗೆ ಹೊಸ ತೂಕ ಬಿದ್ದಿದೆ ಮುಳ್ಳು ಸರಿದಿದೆ, ಅದು ಹಾಗೇ ಆಗ್ಬೇಕು.

ಇಷ್ಟಾದ್ರೂ ಒಪ್ಪದವರಿದ್ದಾರೆ, ಅವರ ಮಾತಲ್ಲೂ ಹುರುಳಿದೆ. ಮಾತ್ರೆಯಾದ್ರೆ ಸಕ್ಕರೆ ಗುಳಿಗೆ ಕೊಟ್ಟು ರೋಗಿಗೆ ಗೊತ್ತಾಗದ ಹಾಗೆ ಮಾಡ್ಬಹುದು, ವಸಡು ಕೆರೆದ್ರಾ ಇಲ್ವಾ ಅಂತ ಯಾರಿಗಾದ್ರೂ ಗೊತ್ತಾಗೇ ಆಗುತ್ತೆ. ಬಾಯಿ ನೋವು ಕಮ್ಮಿಯಾದವರು ತರಕಾರಿ, ಕಾಳು ಚೆನ್ನಾಗಿ ಅಗಿದು ತಿನ್ನೋಕೆ ಶುರು ಮಾಡಿರ್ಬಹುದು, ಶುಗರ್ ಅದರಿಂದ್ಲೂ ಇಳಿದಿರ್ಬಹುದು. ಮುಖ್ಯವಾಗಿ ಎಚ್‌ಬಿಎ1ಸಿ ಇಳಿಯೋದು ಒಂದು, ಕಿಡ್ನಿ ಉಳಿಯೋದು, ಕಣ್ಣು ಉಳಿಯೋದು ಇನ್ನೊಂದು. ನನಗನ್ನಿಸೋ ಪ್ರಕಾರ ಈ ತಕರಾರುಗಳಿಂದ 0.4% ಸಂಖ್ಯೆ ಸ್ವಲ್ಪ ಕರಗ್ಬಹುದು, ಸೊನ್ನೆ ಆಗಲ್ಲ.

ಹಾರ್ಟು, ಹೆರಿಗೆ, ಮರೆವು

ಶುಗರ್ ವಿಷಯದಲ್ಲಿ ಸಿಕ್ಕಿದ ಗೆಲುವನ್ನ ಎಲ್ಲಾ ಕಾಯಿಲೆಗೂ ಎಳೆಯೋಕೆ ಹೋದಾಗ ಎಡವಟ್ಟಾಗಿದೆ. ಬಸುರಿಯರಲ್ಲಿ ವಸಡಿನ ರೋಗ ಇದ್ರೆ ಅವಧಿಗೆ ಮುಂಚೆ ಹೆರಿಗೆ ಆಗೋದು ಜಾಸ್ತಿ ಅಂತ ಹಲವು ಸ್ಟಡಿಗಳಲ್ಲಿ ಕಂಡಿತ್ತು. ಹಾಗಾದ್ರೆ ಟ್ರೀಟ್ ಮಾಡೋಣ ಅಂತ ಅಮೆರಿಕದಲ್ಲಿ 823 ಬಸುರಿಯರ ಮೇಲೆ ಟ್ರಯಲ್ ಮಾಡಿದ್ರು, 2006ರಲ್ಲಿ ಫಲಿತಾಂಶ ಬಂತು, ಟ್ರೀಟ್‌ಮೆಂಟ್ ತಗೊಂಡವರಲ್ಲಿ 12.0%, ತಗೊಳ್ಳದವರಲ್ಲಿ 12.8% ಅವಧಿಪೂರ್ವ ಹೆರಿಗೆ. ವ್ಯತ್ಯಾಸ ಇಲ್ಲ ಅಂತಲೇ ಲೆಕ್ಕ. ಒಂದು ಸಮಾಧಾನ ಏನಂದ್ರೆ ಬಸುರಿಯಲ್ಲಿ ಹಲ್ಲಿಗೆ ಕೈ ಹಾಕಿಸ್ಬಾರ್ದು ಅನ್ನೋ ನಮ್ಮ ಹೆದರಿಕೆಗೂ ಅದರಲ್ಲಿ ಆಧಾರ ಸಿಗ್ಲಿಲ್ಲ.

ಮರೆವಿನ ಕಥೆ ಇನ್ನೂ ದುಬಾರಿ. ವಸಡಿನ ಬ್ಯಾಕ್ಟೀರಿಯಾ ಅಲ್ಜೈಮರ್ಸ್ ಇದ್ದವರ ಮಿದುಳಲ್ಲೂ ಸಿಕ್ಕಿದೆ ಅಂತ 2019ರಲ್ಲಿ ಪೇಪರ್ ಬಂದಾಗ ಜಗತ್ತೆಲ್ಲಾ ಸುದ್ದಿ. ಅದರ ಹಿಂದಿದ್ದ ಕಾರ್ಟೆಕ್ಸೈಮ್ ಕಂಪನಿ ಆ ಬ್ಯಾಕ್ಟೀರಿಯಾದ ವಿಷ ತಡೆಯೋ ಮಾತ್ರೆಯನ್ನ 600ಕ್ಕೂ ಹೆಚ್ಚು ಜನರ ಮೇಲೆ ಟ್ರಯಲ್ ಮಾಡ್ತು, 2021ರಲ್ಲಿ ಅದು ಮುಖ್ಯ ಗುರಿ ಮುಟ್ಟದೆ ಫೇಲ್ ಆಯ್ತು. ಆ ಸುದ್ದಿ ಮಾತ್ರ ಯಾವ ಗ್ರೂಪಲ್ಲೂ ಫಾರ್ವರ್ಡ್ ಆಗ್ಲಿಲ್ಲ. ಹಾರ್ಟ್ ಬಗ್ಗೆ ಅಮೆರಿಕನ್ ಹಾರ್ಟ್ ಅಸೋಸಿಯೇಶನ್ 2012ರಲ್ಲೇ ಹೇಳಿತ್ತು, ಎರಡೂ ಕಾಯಿಲೆ ಜೊತೆಜೊತೆಗೆ ಕಾಣ್ತವೆ ನಿಜ, ಒಂದರಿಂದ ಇನ್ನೊಂದು ಬರುತ್ತೆ ಅಂತ ಸಾಬೀತಾಗಿಲ್ಲ. ಸಿಗರೇಟು ಸೇದೋರಿಗೆ ಎರಡೂ ಬರುತ್ತಲ್ಲ, ಅದೇ ತೊಡಕು.

ಜೆಲ್ಲು, ಆ್ಯಂಟಿಬಯಾಟಿಕ್ಕು

ಕೆರೆಯೋ ಕೆಲಸ ತಪ್ಪಿಸೋ ಔಷಧಿ ಹುಡುಕೋದು ಇನ್ನೊಂದು ದಾರಿ, ಇಲ್ಲಿ ಬೆಂಗಳೂರಿನ ಹೆಸರೂ ಬರುತ್ತೆ. ಕೊಲೆಸ್ಟರಾಲ್ ಮಾತ್ರೆಯ ಸಿಮ್ವಾಸ್ಟಾಟಿನ್, ಶುಗರ್ ಮಾತ್ರೆಯ ಮೆಟ್‌ಫಾರ್ಮಿನ್, ಇವನ್ನ ಜೆಲ್ ಮಾಡಿ ಪಾಕೆಟ್ ಒಳಗೆ ಹಾಕಿದ್ರೆ ಮೂಳೆ ತುಂಬಿಕೊಳ್ಳುತ್ತಾ ಅನ್ನೋ ಟ್ರಯಲ್‌ಗಳು 2010ರಿಂದಾಚೆಗೆ ಬೆಂಗಳೂರಿನ ಸರ್ಕಾರಿ ಡೆಂಟಲ್ ಕಾಲೇಜಿನಿಂದ ಸಾಲಾಗಿ ಬಂದ್ವು, ಫಲಿತಾಂಶಗಳೂ ಜೋರಾಗಿದ್ವು. ಆದ್ರೂ ಯುರೋಪಿನ ವಸಡು ತಜ್ಞರ ಒಕ್ಕೂಟ 2020ರ ಗೈಡ್‌ಲೈನ್‌ನಲ್ಲಿ ಸಿಮ್ವಾಸ್ಟಾಟಿನ್ ಥರದ ಸ್ಟಾಟಿನ್ ಜೆಲ್ ಬಳಸ್ಬೇಡಿ ಅಂತ್ಲೇ ಬರೀತು. ಬೇರೆ ಬೇರೆ ಊರಲ್ಲಿ, ಬೇರೆ ಬೇರೆ ಕೈಯಲ್ಲಿ, ದೊಡ್ಡ ಸಂಖ್ಯೆಯ ಜನರಲ್ಲಿ ಅದೇ ಫಲ ಬರೋ ತನಕ ಕಾಯ್ಬೇಕು ಅನ್ನೋದು ಅದರ ತರ್ಕ.

ಆ್ಯಂಟಿಬಯಾಟಿಕ್ ವಿಷಯದಲ್ಲಿ ಜರ್ಮನಿಯ 506 ಜನರ ಟ್ರಯಲ್ 2015ರಲ್ಲಿ ಬಂತು. ಕ್ಲೀನಿಂಗ್ ಜೊತೆ ಅಮಾಕ್ಸಿಸಿಲಿನ್, ಮೆಟ್ರೊನಿಡಜೋಲ್ ತಗೊಂಡವರಲ್ಲಿ ಎರಡು ವರ್ಷ ದಾಟಿದ ಮೇಲೆ 5.3% ಜಾಗಗಳಲ್ಲಿ ರೋಗ ಮುಂದುವರಿದಿತ್ತು, ಬರೀ ಕ್ಲೀನಿಂಗ್ ಆದವರಲ್ಲಿ 7.8%. ಇಷ್ಟು ಸಣ್ಣ ಲಾಭಕ್ಕೆ ಎಲ್ರಿಗೂ ಆ್ಯಂಟಿಬಯಾಟಿಕ್ ಕೊಟ್ರೆ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಬೆಳೆಯುತ್ತೆ, ಅದಕ್ಕೇ ಆ ಗೈಡ್‌ಲೈನ್ ಇದನ್ನೂ ಮಾಮೂಲಿ ಮಾಡ್ಬೇಡಿ ಅಂತು. ಮೆಡಿಕಲ್ ಶಾಪಲ್ಲಿ ಹಲ್ಲುನೋವು ಅಂದ ತಕ್ಷಣ ಇದೇ ಎರಡು ಮಾತ್ರೆ ಕೈಗೆ ಹಾಕಿ ಕಳಿಸೋ ನಮ್ಮೂರಲ್ಲಿ ಕೆರೆಯೋ ಕೆಲಸ ಆಗೋದೇ ಇಲ್ಲ, ಬರೀ ಮಾತ್ರೆ.

ಇಲ್ಲಿ ಇದರಿಂದ ಏನಾಗ್ಬಹುದು

ಒಂದು ಕಡೆಯವರು ಹೇಳೋದು, ಶುಗರ್ ಡಾಕ್ಟರು ವರ್ಷಕ್ಕೊಮ್ಮೆ ಕಣ್ಣಿನ ಟೆಸ್ಟಿಗೆ ಬರ್ಕೊಡೋ ಹಾಗೆ ವಸಡಿಗೂ ಬರ್ಕೊಡ್ಲಿ ಅಂತ. ಇನ್ನೊಂದು ಕಡೆಯವರು, 0.4% ಇಳಿಸೋಕೆ ಅಗ್ಗದ ಮಾತ್ರೆ ಇರುವಾಗ ನಾಲ್ಕಾರು ಸಲ ಡೆಂಟಲ್ ಚೇರ್ ಹತ್ತಿಸೋದು ಯಾಕೆ ಅಂತಾರೆ. ಈ ಎರಡನೇ ಲೆಕ್ಕದಲ್ಲಿ ಹಲ್ಲು ಉಳಿಯುತ್ತಲ್ಲ ಅನ್ನೋದನ್ನೇ ಬಿಟ್ಟಿರ್ತಾರೆ, ಮಾತ್ರೆಯಿಂದ ಹಲ್ಲು ಉಳಿಯಲ್ಲ. ಆದ್ರೆ ದುಡ್ಡಿನ ಪ್ರಶ್ನೆ ನಿಜವಾದದ್ದು, ಮಾಮೂಲಿ ಹೆಲ್ತ್ ಇನ್ಶೂರೆನ್ಸ್‌ನಲ್ಲಿ ಸ್ಕೇಲಿಂಗಿಗೆ ಸಾಮಾನ್ಯವಾಗಿ ಕ್ಲೈಮ್ ಸಿಗಲ್ಲ, ಕೈಯಿಂದಲೇ ಹಾಕ್ಬೇಕು. ಡೆಂಟಲ್ ಕಾಲೇಜು ತುಂಬಾ ಇರೋ ರಾಜ್ಯ ನಮ್ಮದು, ಅಲ್ಲಿ ಕಮ್ಮಿ ದುಡ್ಡಲ್ಲಿ ಆಗುತ್ತೆ, ಆದ್ರೆ ಹಳ್ಳಿಯಿಂದ ಬಸ್ ಹತ್ತಿ ಬರೋರಿಗೆ ಒಂದು ದಿನದ ಕೂಲಿ ಹೋಯ್ತು, ಮೂರು ತಿಂಗಳಿಗೊಮ್ಮೆ ಬನ್ನಿ ಅಂದ್ರೆ ನಾಲ್ಕು ದಿನದ ಕೂಲಿ.

ಲಂಡನ್ ಟ್ರಯಲ್‌ಗೂ ಅಮೆರಿಕದ ಟ್ರಯಲ್‌ಗೂ ಇದ್ದ ದೊಡ್ಡ ವ್ಯತ್ಯಾಸ ನೋಡಿ, ಎಷ್ಟು ಆಳಕ್ಕೆ ಕ್ಲೀನ್ ಮಾಡಿದ್ರು, ಆಮೇಲೆ ಎಷ್ಟು ಸಲ ಬಿಡದೆ ಕರೆಸಿದ್ರು ಅನ್ನೋದು. ಇಲ್ಲಿ ತಪ್ಪಿಹೋಗೋದೂ ಅದೇ. ಗಾರೆ ತೆಗೆದ ಮೇಲೆ ಹಲ್ಲುಗಳ ನಡುವೆ ಸಂದು ಕಾಣುತ್ತೆ, ತಣ್ಣೀರು ಕುಡಿದ್ರೆ ಜುಂ ಅನ್ನುತ್ತೆ, ನಾಲಿಗೆ ಆಡಿಸಿದ್ರೆ ಹಲ್ಲು ಸ್ವಲ್ಪ ಅಲ್ಲಾಡಿದ ಹಾಗನ್ನಿಸುತ್ತೆ. ಮೂಳೆ ಮೊದಲೇ ಕರಗಿತ್ತು, ಅಲ್ಲಿ ತನಕ ಹಲ್ಲುಗಳನ್ನ ಒಂದಕ್ಕೊಂದು ಅಂಟಿಸಿ ನಿಲ್ಲಿಸಿದ್ದು ಆ ಗಾರೆನೇ. ಕ್ಲೀನಿಂಗ್ ಮಾಡಿಸಿ ಹಲ್ಲು ಸಡಿಲ ಮಾಡ್ಕೊಂಡೆ ಅಂತ ಮನೆಗೆ ಬಂದು ಹೇಳೋರು, ಎರಡನೇ ಅಪಾಯಿಂಟ್‌ಮೆಂಟಿಗೆ ಹೋಗಲ್ಲ.